ತಾರಸಿಯ ಬಿಸಿಲು ಯಾರ ಪಾಲು?

ಬೆಂಗಳೂರಿನ ಹಳೆಯ ಬಡಾವಣೆಗಳ ತಾರಸಿಗಳಲ್ಲಿ ಎರಡು ತಲೆಮಾರಿನ ಸೋಲಾರ್ ಒಟ್ಟಿಗೇ ಕಾಣಸಿಗುತ್ತದೆ. ಒಂದು ಮೂಲೆಯಲ್ಲಿ ದಕ್ಷಿಣಕ್ಕೆ ಓರೆಯಾಗಿ ನಿಂತ ವಾಟರ್ ಹೀಟರ್, ಅದರ ತಲೆಯ ಮೇಲೆ ಅಡ್ಡ ಮಲಗಿದ ಡ್ರಮ್ಮು. ಇನ್ನೊಂದು ಮೂಲೆಯಲ್ಲಿ ಕಬ್ಬಿಣದ ಕಾಲುಗಳ ಮೇಲೆ ಏರಿಸಿದ ಕಪ್ಪು ಪ್ಯಾನೆಲ್‌ಗಳು. ಉಳಿದ ಜಾಗದಲ್ಲಿ ನೀರಿನ ಟ್ಯಾಂಕು, ಬಟ್ಟೆಯ ಹಗ್ಗ, ಬೇಸಿಗೆ ಬಂದರೆ ಹಪ್ಪಳ ಸಂಡಿಗೆ. ಎಷ್ಟೋ ಕಡೆ ಬಾಡಿಗೆಗೆಂದು ಒಂದು ಕೋಣೆಯೂ ಎದ್ದಿರುತ್ತದೆ. ನಗರದ ಮನೆಯಲ್ಲಿ ತಾರಸಿಯಷ್ಟು ಬೇಡಿಕೆಯಿರುವ ಜಾಗ ಈಗ ಮತ್ತೊಂದಿಲ್ಲ.

ಸೌರಶಕ್ತಿ ಬೇಕೇ ಬೇಡವೇ ಎಂಬುದು ಈಗ ಚರ್ಚೆಯ ವಿಷಯವಾಗಿ ಉಳಿದಿಲ್ಲ. ಮನೆಯ ಮೇಲೆ ಬೀಳುವ ಬಿಸಿಲನ್ನು ಯಾವ ರೂಪದಲ್ಲಿ ಹಿಡಿಯಬೇಕು, ಹಿಡಿದದ್ದು ಮನೆಯವರಿಗೆ ಸೇರಬೇಕೋ ಊರಿನ ಗ್ರಿಡ್ಡಿಗೆ ಸೇರಬೇಕೋ, ಸ್ವಂತ ತಾರಸಿಯೇ ಇಲ್ಲದವರು ಏನು ಮಾಡಬೇಕು ಎಂಬಲ್ಲಿ ಮಾತ್ರ ಗಂಭೀರವಾದ ಭಿನ್ನಮತಗಳಿವೆ. ಇಂಥ ಪ್ರಶ್ನೆಗಳ ನಡುವೆ ಕರ್ನಾಟಕ ಬಹುಕಾಲದಿಂದ ಬದುಕುತ್ತಿದೆ. ಹಾಗಾಗಿ ಇಡೀ ಪ್ರಶ್ನೆಯನ್ನು ಇಲ್ಲಿಂದಲೇ ನೋಡುವುದು ಲೇಸು.

ಬಿಸಿನೀರಿನಿಂದ ಶುರುವಾದದ್ದು

ಬಿಸಿಲನ್ನು ಗಾಜಿನ ಕೆಳಗೆ ಸೆರೆಹಿಡಿಯಬಹುದು ಎಂದು 1767ರಲ್ಲೇ ಜಿನೀವಾದ ಹೊರೇಸ್ ದ ಸೊಸ್ಯೂರ್ ಗಾಜಿನ ಪೆಟ್ಟಿಗೆಯೊಂದನ್ನು ಕಟ್ಟಿ ತೋರಿಸಿದ. ಭಾರತದಲ್ಲಿ ಈ ದಿಕ್ಕಿನ ಮೊದಲ ದೊಡ್ಡ ಪ್ರಯತ್ನ ನಡೆದದ್ದು ಮುಂಬಯಿಯಲ್ಲಿ. ಅಲ್ಲಿ ನೌಕರಿಯಲ್ಲಿದ್ದ ವಿಲಿಯಂ ಆಡಮ್ಸ್ ಎಂಬ ಇಂಗ್ಲಿಷ್ ಅಧಿಕಾರಿ ಕನ್ನಡಿಗಳಿಂದ ಬಿಸಿಲನ್ನು ಒಟ್ಟುಗೂಡಿಸಿ ಅಡುಗೆ ಮಾಡಿದ, ಹಬೆಯಿಂದ ಪಂಪು ನಡೆಸಿದ, 1878ರಲ್ಲಿ ಅದರ ಬಗ್ಗೆ ಪುಸ್ತಕವನ್ನೂ ಬರೆದ. ಉಷ್ಣವಲಯದ ದೇಶಗಳು ಸೌದೆ, ಕಲ್ಲಿದ್ದಲಿನ ಬದಲು ಬಿಸಿಲನ್ನು ನೆಚ್ಚಬಹುದು ಎಂಬುದು ಅವನ ವಾದ. ಅದನ್ನು ಆಗ ಯಾರೂ ಕಿವಿಗೆ ಹಾಕಿಕೊಳ್ಳಲಿಲ್ಲ.

ಮನೆಯೊಳಗೆ ಸೌರಶಕ್ತಿ ಮಾರುಕಟ್ಟೆಯ ಸರಕಾಗಿ ಬಂದದ್ದು ಸ್ನಾನದ ನೀರಿನ ಮೂಲಕ. 1891ರಲ್ಲಿ ಅಮೆರಿಕದ ಬಾಲ್ಟಿಮೋರಿನ ಕ್ಲಾರೆನ್ಸ್ ಕೆಂಪ್ ಕಪ್ಪು ಬಳಿದ ಟ್ಯಾಂಕುಗಳನ್ನು ಗಾಜಿನ ಪೆಟ್ಟಿಗೆಯಲ್ಲಿಟ್ಟು ಮಾರಿದ. ಅವುಗಳಲ್ಲಿ ನೀರು ಸಂಜೆಗೆ ಬಿಸಿಯಾಗಿದ್ದರೂ ಬೆಳಗಿನ ಹೊತ್ತಿಗೆ ಆರಿಹೋಗುತ್ತಿತ್ತು. ಕ್ಯಾಲಿಫೋರ್ನಿಯಾದ ವಿಲಿಯಂ ಬೇಲಿ 1909ರಲ್ಲಿ ಕಾಯುವ ಭಾಗವನ್ನೂ ಕೂಡಿಡುವ ಭಾಗವನ್ನೂ ಬೇರ್ಪಡಿಸಿದ. ಕೆಳಗಿನ ಕೊಳವೆಗಳಲ್ಲಿ ಕಾದು ಹಗುರಾದ ನೀರು ತಾನಾಗಿ ಮೇಲೇರಿ, ಶಾಖ ಸೋರದ ಡ್ರಮ್ಮು ಸೇರುತ್ತದೆ, ತಣ್ಣೀರು ಕೆಳಗಿಳಿಯುತ್ತದೆ. ಪಂಪೂ ಬೇಡ, ಕರೆಂಟೂ ಬೇಡ. ಇವತ್ತು ನಮ್ಮ ತಾರಸಿಗಳಲ್ಲಿರುವ ಹೀಟರಿನ ಮೂಲ ತತ್ವ ಅದೇ.

ಇಸ್ರೇಲ್ 1980ರಲ್ಲಿ ಹೊಸ ಮನೆಗಳಿಗೆ ಇದನ್ನು ಕಾನೂನಿನಿಂದ ಕಡ್ಡಾಯ ಮಾಡಿತು. ಕರ್ನಾಟಕ ಆ ಹೆಜ್ಜೆ ಇಟ್ಟದ್ದು 2007ರಲ್ಲಿ: ನಿಗದಿತ ಅಳತೆ ಮೀರಿದ ಹೊಸ ಮನೆಗಳಿಗೆ ವಿದ್ಯುತ್ ಸಂಪರ್ಕ ಬೇಕಿದ್ದರೆ ತಾರಸಿಯಲ್ಲಿ ವಾಟರ್ ಹೀಟರ್ ಇರಲೇಬೇಕಾಯಿತು. ಅಳವಡಿಸಿದವರಿಗೆ ಬಿಲ್ಲಿನಲ್ಲಿ ಯೂನಿಟ್ಟಿಗೆ 50 ಪೈಸೆಯಂತೆ ತಿಂಗಳಿಗೆ 50 ರೂಪಾಯಿ ಮೀರದ ರಿಯಾಯಿತಿ ಸಿಗುತ್ತಿತ್ತು. ಆದರೆ ಕಾನೂನು ಬರುವ ಮೊದಲೇ ಬೆಂಗಳೂರು ಈ ಹೀಟರುಗಳ ತವರಾಗಿತ್ತು. ವರ್ಷವಿಡೀ ಬಿಸಿನೀರಿನ ಸ್ನಾನ ಬಯಸುವ ಹವೆ, ಚಳಿಗಾಲದಲ್ಲೂ ತಿಳಿಯಾಗಿರುವ ಆಕಾಶ, ಹತ್ತಿರದಲ್ಲೇ ತಯಾರಕರು, ಸ್ವಂತ ಮನೆ ಕಟ್ಟಿಸುವ ಮಧ್ಯಮವರ್ಗ. ಉತ್ತರ ಭಾರತದ ಬಯಲಿನಲ್ಲಿ ಬೇಸಿಗೆಯ ನಾಲ್ಕಾರು ತಿಂಗಳು ನಲ್ಲಿಯ ನೀರೇ ಸುಡುವಾಗ ಹೀಟರು ಸುಮ್ಮನೆ ಕೂರುತ್ತದೆ. ಇಲ್ಲಿ ಹಾಗಾಗಲಿಲ್ಲ.

ಶಾಖವನ್ನು ಶಾಖವಾಗಿಯೇ

ಈ ಅನುಭವದ ಹಿಂದೆ ಒಂದು ಗಟ್ಟಿಯಾದ ಚಿಂತನೆಯೂ ಇತ್ತು. ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿ 1974ರಲ್ಲಿ ‘ಅಸ್ತ್ರ’ ಕೇಂದ್ರವನ್ನು ಕಟ್ಟಿದ ಅಮೂಲ್ಯ ರೆಡ್ಡಿಯವರು ಶಕ್ತಿಯ ಲೆಕ್ಕವನ್ನು ಉತ್ಪಾದನೆಯ ಕಡೆಯಿಂದ ನೋಡದೆ ಬಳಕೆಯ ಕಡೆಯಿಂದ ನೋಡಬೇಕೆಂದು ಪಟ್ಟು ಹಿಡಿದರು. ಜನರಿಗೆ ಬೇಕಾದದ್ದು ಬೆಂದ ಅನ್ನ, ಬೆಳಗಿದ ಕೋಣೆ, ಬಿಸಿನೀರು; ಕಿಲೋವ್ಯಾಟುಗಳು ಅದಕ್ಕೆ ದಾರಿ ಮಾತ್ರ. 1980ರ ದಶಕದ ಕೊನೆಯಲ್ಲಿ ಕರ್ನಾಟಕದ ವಿದ್ಯುತ್ ಬೇಡಿಕೆಯ ಅಧಿಕೃತ ಅಂದಾಜುಗಳು ದೊಡ್ಡ ದೊಡ್ಡ ಸ್ಥಾವರಗಳನ್ನು ಕೇಳುತ್ತಿದ್ದಾಗ ಅವರೂ ಅವರ ಸಂಗಡಿಗರೂ ‘ಡಿಫೆಂಡಸ್’ ಎಂಬ ಬದಲಿ ಯೋಜನೆಯನ್ನು ಮುಂದಿಟ್ಟರು. ಗೀಸರುಗಳ ಜಾಗಕ್ಕೆ ಸೋಲಾರ್ ಹೀಟರು ತರುವುದು ಅದರ ಮುಖ್ಯ ಅಂಶಗಳಲ್ಲೊಂದು.

ವಾದದ ತಿರುಳು ಸರಳವಾದದ್ದು. ಸ್ನಾನದ ನೀರು 45 ಡಿಗ್ರಿ ಬಿಸಿಯಾದರೆ ಸಾಕು. ಅದಕ್ಕಾಗಿ ರಾಯಚೂರಿನಲ್ಲಿ ಕಲ್ಲಿದ್ದಲನ್ನು ಸುಟ್ಟು, ಹಬೆ ಮಾಡಿ, ಟರ್ಬೈನು ತಿರುಗಿಸಿ, ಮೂರರಲ್ಲಿ ಎರಡು ಪಾಲು ಶಾಖವನ್ನು ಗಾಳಿಗೂ ನೀರಿಗೂ ಬಿಟ್ಟು, ಉಳಿದದ್ದನ್ನು ನೂರಾರು ಕಿಲೋಮೀಟರು ತಂತಿಯಲ್ಲಿ ತಂದು ಮತ್ತೆ ಶಾಖ ಮಾಡುವುದು ದುಂದು. ನೂರು ಲೀಟರಿನ ಹೀಟರು ಎರಡು ಚದರ ಮೀಟರು ಜಾಗದಲ್ಲಿ ವರ್ಷಕ್ಕೆ ಸಾವಿರಕ್ಕೂ ಹೆಚ್ಚು ಯೂನಿಟ್ ಉಳಿಸಬಲ್ಲದು. ಎಲ್ಲರೂ ಒಟ್ಟಿಗೆ ಗೀಸರು ಹಾಕುವ ಬೆಳಗಿನ ಹೊತ್ತಿನಲ್ಲೇ ಆ ಉಳಿತಾಯ ಆಗುವುದರಿಂದ ವಿದ್ಯುತ್ ವಿತರಿಸುವ ಎಸ್ಕಾಂಗಳಿಗೂ ಅದು ಅಮೂಲ್ಯ.

ಬಳಕೆಯಲ್ಲಿ ತೊಡಕುಗಳಿವೆ. ಕೊಳವೆಬಾವಿಯ ಗಡಸು ನೀರಿನಿಂದ ತಾಮ್ರದ ಕೊಳವೆಗಳೊಳಗೆ ಸುಣ್ಣ ಕಟ್ಟುತ್ತದೆ. ಮೂರನೆಯ ಮಹಡಿಯ ಡ್ರಮ್ಮಿನಿಂದ ಕೆಳಗಿನ ಬಚ್ಚಲಿಗೆ ಬಿಸಿನೀರು ಇಳಿಯುವಷ್ಟರಲ್ಲಿ ಒಂದೆರಡು ಬಕೆಟ್ ತಣ್ಣೀರು ಚರಂಡಿ ಸೇರುತ್ತದೆ. ನೀರಿಗೂ ಬರವಿರುವ ಊರಿನಲ್ಲಿ ಇದು ಸಣ್ಣ ನಷ್ಟವಲ್ಲ. ಆಷಾಢದ ಮೋಡದಲ್ಲಿ ಮತ್ತೆ ಗೀಸರೇ ಗತಿ.

ಶಾಖವನ್ನು ಶಾಖವಾಗಿಯೇ ಬಳಸಬೇಕೆನ್ನುವ ಈ ಪಂಥಕ್ಕೆ ದೊಡ್ಡ ಸವಾಲು ಇತ್ತೀಚಿನದು. ಈಗಿನ ಪ್ಯಾನೆಲ್ ಬಿಸಿಲಿನ ಶೇಕಡಾ 20ಕ್ಕೂ ಹೆಚ್ಚನ್ನು ವಿದ್ಯುತ್ ಮಾಡುತ್ತದೆ. ಆ ವಿದ್ಯುತ್ತಿನಿಂದ ಹೀಟ್ ಪಂಪ್ ಓಡಿಸಿದರೆ ಅದು ಸುತ್ತಲಿನ ಗಾಳಿಯ ಶಾಖವನ್ನೂ ಎಳೆದುಕೊಂಡು, ಪಡೆದದ್ದರ ಮೂರು ಪಟ್ಟು ಶಾಖವನ್ನು ನೀರಿಗೆ ಕೊಡುತ್ತದೆ. ಕೂಡಿ ನೋಡಿದರೆ ಫಲ ಹೆಚ್ಚುಕಡಿಮೆ ಒಳ್ಳೆಯ ವಾಟರ್ ಹೀಟರಿನಷ್ಟೇ. ಮೇಲಾಗಿ ನೀರು ಕಾದ ಮೇಲೆ ಪ್ಯಾನೆಲ್ಲಿನ ಕರೆಂಟು ಫ್ರಿಜ್ಜಿಗೂ ಫ್ಯಾನಿಗೂ ಆಗುತ್ತದೆ, ಆದರೆ ತುಂಬಿದ ಡ್ರಮ್ಮು ಮತ್ತೇನೂ ಮಾಡಲಾರದು. ಹೀಟ್ ಪಂಪಿನ ಬೆಲೆ ಇನ್ನೂ ದುಬಾರಿ, ರಿಪೇರಿಯವರು ವಿರಳ. ಹಾಗಾಗಿ ಸದ್ಯಕ್ಕೆ ಸಾಧಾರಣ ಮನೆಗೆ ಹಳೆಯ ಹೀಟರೇ ಒಳ್ಳೆಯದೆಂದು ನಾನು ನಂಬಿದ್ದೇನೆ. ಹತ್ತು ವರ್ಷದ ಮೇಲೂ ಹೀಗೇ ಹೇಳಬಲ್ಲೆನೆಂಬ ಧೈರ್ಯವಿಲ್ಲ.

ಇದೇ ಶಾಖದ ದಾರಿಯಲ್ಲಿ ಅಡುಗೆ ಮಾತ್ರ ಮನೆಗೆ ಒಗ್ಗಲೇ ಇಲ್ಲ. ದೆಹಲಿಯ ರಾಷ್ಟ್ರೀಯ ಭೌತ ಪ್ರಯೋಗಾಲಯ 1950ರ ದಶಕದಲ್ಲಿ ತಂದ ಕನ್ನಡಿಯ ಒಲೆ ಸೋತಿತು. ನಡುಮಧ್ಯಾಹ್ನ ಬಿಸಿಲಲ್ಲಿ ನಿಂತು, ಸೂರ್ಯ ಸರಿದಂತೆ ಒಲೆ ತಿರುಗಿಸುತ್ತ ಅಡುಗೆ ಮಾಡುವುದು ಯಾವ ಹೆಂಗಸಿಗೂ ಸುಖವಲ್ಲ. ಅದನ್ನು ರೂಪಿಸಿದವರು ಅವರನ್ನು ಕೇಳಿದಂತಿಲ್ಲ. ಸಾವಿರಾರು ಜನಕ್ಕೆ ಒಮ್ಮೆಲೇ ಬೇಯಿಸುವ ಕಡೆ ಅದೇ ತತ್ವ ಗೆದ್ದಿದೆ. ಶಿರಡಿಯ ಪ್ರಸಾದಾಲಯದಲ್ಲಿ 2009ರಿಂದ 73 ಕನ್ನಡಿ ಬುಟ್ಟಿಗಳು ಹಬೆ ಮಾಡುತ್ತ ಬಂದಿವೆ.

ಕತ್ತಲಿನ ಮನೆಗೆ ಮೊದಲು

ಎರಡನೆಯ ಪಂಥ ನಗರದ ತಾರಸಿಯಿಂದ ದೂರ ಹುಟ್ಟಿದ್ದು. ಅಮೆರಿಕದ ಬೆಲ್ ಪ್ರಯೋಗಾಲಯ 1954ರಲ್ಲಿ ತೋರಿಸಿದ ಸಿಲಿಕಾನ್ ಕೋಶ ಬಿಸಿಲಿನ ಸುಮಾರು ಶೇಕಡಾ 6ರಷ್ಟನ್ನು ವಿದ್ಯುತ್ ಮಾಡುತ್ತಿತ್ತು. ಅದರ ಬೆಲೆಗೆ ಉಪಗ್ರಹಗಳೇ ಗಿರಾಕಿಗಳಾಗಿದ್ದವು. ಬೆಲೆ ಇಳಿಯುತ್ತ ಬಂದಾಗ ಕರೆಂಟಿನ ತಂತಿ ತಲುಪದ ಮನೆಗಳಲ್ಲಿ ಅದಕ್ಕೆ ಅರ್ಥ ಬಂತು. ಹರೀಶ್ ಹಂದೆ ಮತ್ತು ನೆವಿಲ್ ವಿಲಿಯಮ್ಸ್ 1995ರಲ್ಲಿ ಕರ್ನಾಟಕದಲ್ಲಿ ಆರಂಭಿಸಿದ ಸೆಲ್ಕೊ ಈ ಪಂಥದ ದೊಡ್ಡ ಹೆಸರು. ಹಂದೆಯವರಿಗೆ 2011ರಲ್ಲಿ ಮ್ಯಾಗ್ಸೆಸೆ ಪ್ರಶಸ್ತಿ ಬಂತು.

ಇವರ ನಿಜವಾದ ಶೋಧ ಉಪಕರಣದಲ್ಲಿರಲಿಲ್ಲ, ಸಾಲದ ಕಂತಿನಲ್ಲಿತ್ತು. ತಿಂಗಳಿಗೊಮ್ಮೆ ಮುನ್ನೂರು ರೂಪಾಯಿ ಕಟ್ಟಲಾಗದ ಬೀದಿ ವ್ಯಾಪಾರಿ ದಿನಕ್ಕೆ ಹತ್ತು ರೂಪಾಯಿ ಕಟ್ಟಬಲ್ಲಳು. ಅಡಿಕೆ ಬೆಳೆಗಾರನಿಗೆ ಕೊಯ್ಲಿನ ನಂತರ ಒಮ್ಮೆ ಕಟ್ಟುವುದು ಸಲೀಸು. ಸಿಂಡಿಕೇಟ್ ಬ್ಯಾಂಕ್ ಮತ್ತು ಗ್ರಾಮೀಣ ಬ್ಯಾಂಕುಗಳು ಇದನ್ನು ಒಪ್ಪಿ ಸಾಲ ಕೊಟ್ಟದ್ದರಿಂದ ಕರಾವಳಿ, ಮಲೆನಾಡಿನ ಒಂಟಿಮನೆಗಳಿಗೆ ಒಂದು ಪ್ಯಾನೆಲ್ಲು, ಒಂದು ಬ್ಯಾಟರಿ, ಎರಡೋ ನಾಲ್ಕೋ ದೀಪಗಳು ತಲುಪಿದವು. ಚಿಮಣಿ ಎಣ್ಣೆಯ ಹೊಗೆಯಲ್ಲಿ ಓದುತ್ತಿದ್ದ ಮಕ್ಕಳಿಗೆ ಇದು ಎಂಥ ಬದಲಾವಣೆಯೆಂದು ಆ ಮನೆಗಳ ಹಿರಿಯರು ಇಂದೂ ಹೇಳುತ್ತಾರೆ.

ಟೀಕೆಯೂ ಇತ್ತು: ಬಡವರಿಗೆ ಎರಡು ದೀಪ, ಉಳ್ಳವರಿಗೆ ಪೂರ್ತಿ ಗ್ರಿಡ್ ಎಂಬ ತಾರತಮ್ಯ ಸರಿಯೇ? ಈಗ ತಂತಿ ಬಹುತೇಕ ಎಲ್ಲೆಡೆ ಮುಟ್ಟಿರುವಾಗ ಸಣ್ಣ ದೀಪದ ವ್ಯವಸ್ಥೆಯ ಅಗತ್ಯ ಕುಗ್ಗಿದೆ. ಬ್ಯಾಟರಿ ಸತ್ತ ಮೇಲೆ ಹೊಸದು ಹಾಕಿಸದೆ ಬಿಟ್ಟ ಪ್ಯಾನೆಲ್ಲುಗಳು ಹಳ್ಳಿಗಳಲ್ಲಿ ಉಳಿದಿವೆ. ಆದರೂ ಈ ಪಂಥ ಕಲಿಸಿದ ಪಾಠ ಹಳತಾಗಿಲ್ಲ: ಯಾವ ಸೋಲಾರೂ ಅದನ್ನು ನೋಡಿಕೊಳ್ಳುವ ತಂತ್ರಜ್ಞ ಸೈಕಲ್ ದೂರದಲ್ಲಿದ್ದರೆ ಮಾತ್ರ ಬಾಳುತ್ತದೆ.

ಮೀಟರು ಹಿಂದಕ್ಕೆ ತಿರುಗಿದಾಗ

ಇಂದಿನ ಜಗಳವೆಲ್ಲ ಹೆಚ್ಚಾಗಿ ಮೂರನೆಯ ಬಳಕೆಯದು: ತಾರಸಿಯ ವಿದ್ಯುತ್ತನ್ನು ಗ್ರಿಡ್ಡಿಗೆ ಜೋಡಿಸುವುದು. ಜರ್ಮನಿ 1990ರಲ್ಲಿ ಸಾವಿರ ಛಾವಣಿಗಳ ಯೋಜನೆಯಿಂದ ಶುರುಮಾಡಿ, 2000ದ ಕಾಯ್ದೆಯಲ್ಲಿ ಹೆಚ್ಚಿನ ಖರೀದಿ ದರದ ಭರವಸೆ ಕೊಟ್ಟು ದಾರಿ ತೋರಿಸಿತು. ಭಾರತದ ಸೌರ ಮಿಷನ್ 2010ರಲ್ಲಿ ಆರಂಭವಾಯಿತು. ಐದು ವರ್ಷದ ನಂತರ ಗುರಿಯನ್ನು 2022ಕ್ಕೆ 100 ಗಿಗಾವ್ಯಾಟ್ ಎಂದು ಏರಿಸಿ, ಅದರಲ್ಲಿ 40ನ್ನು ಛಾವಣಿಗಳ ಪಾಲಿಗೆ ಇಡಲಾಯಿತು. ಛಾವಣಿಗಳು ಆ ಗುರಿಯ ಹತ್ತಿರಕ್ಕೂ ಹೋಗಲಿಲ್ಲ. 2024ರ ಫೆಬ್ರವರಿಯಲ್ಲಿ ಬಂದ ಪಿಎಂ ಸೂರ್ಯ ಘರ್ ಯೋಜನೆ 75,021 ಕೋಟಿ ರೂಪಾಯಿಯಲ್ಲಿ ಒಂದು ಕೋಟಿ ಮನೆಗಳನ್ನು ಮುಟ್ಟುವ ಗುರಿ ಇಟ್ಟುಕೊಂಡಿದೆ. ಮೂರು ಕಿಲೋವ್ಯಾಟಿನ ವ್ಯವಸ್ಥೆಗೆ 78,000 ರೂಪಾಯಿ ಸಹಾಯಧನ.

ನಮ್ಮ ಕಡೆ ಒಂದು ಕಿಲೋವ್ಯಾಟಿಗೆ ಸುಮಾರು ನೂರು ಚದರ ಅಡಿ ನೆರಳಿಲ್ಲದ ಜಾಗ ಬೇಕು, ದಿನಕ್ಕೆ ಸರಾಸರಿ ನಾಲ್ಕು ಯೂನಿಟ್ ಬರುತ್ತದೆ. ಮೂರು ಕಿಲೋವ್ಯಾಟ್ ಹಾಕಿದ ಮನೆಗೆ ತಿಂಗಳಿಗೆ 350 ಯೂನಿಟ್ಟಿನಷ್ಟು. ಹಗಲು ಮನೆ ಖಾಲಿ, ಆದ್ದರಿಂದ ಹೆಚ್ಚಿನದು ಹೊರಗೆ ಹೋಗುತ್ತದೆ; ರಾತ್ರಿ ಅಷ್ಟನ್ನು ಗ್ರಿಡ್ಡಿನಿಂದ ತೆಗೆದುಕೊಳ್ಳುತ್ತದೆ. ನೆಟ್ ಮೀಟರಿಂಗ್ ಎಂದರೆ ಈ ಕೊಡು-ಕೊಳ್ಳುವಿಕೆಯನ್ನು ಒಂದಕ್ಕೊಂದು ವಜಾ ಮಾಡಿ, ಉಳಿದದ್ದಕ್ಕಷ್ಟೇ ಹಣ ಎಣಿಸುವುದು.

ಕೊಳ್ಳುವವರಿಗೆ ಮಾರಾಟಗಾರರು ಸ್ಪಷ್ಟವಾಗಿ ಹೇಳಬೇಕಾದ ಒಂದು ಮಾತಿದೆ. ಬ್ಯಾಟರಿಯಿಲ್ಲದ ಇಂಥ ವ್ಯವಸ್ಥೆ ಕರೆಂಟು ಹೋದೊಡನೆ ತಾನೂ ನಿಂತುಬಿಡುತ್ತದೆ, ತಲೆಯ ಮೇಲೆ ಸುಡು ಬಿಸಿಲಿದ್ದರೂ. ಲೈನಿನಲ್ಲಿ ಕೆಲಸ ಮಾಡುತ್ತಿರುವ ಲೈನ್‌ಮನ್‌ಗೆ ಮನೆಯ ಕರೆಂಟು ಹೊಡೆಯದಿರಲೆಂದು ಇನ್ವರ್ಟರಿನಲ್ಲೇ ಆ ಏರ್ಪಾಡಿರುತ್ತದೆ. ಇದು ಗೊತ್ತಿಲ್ಲದೆ, ಪವರ್ ಕಟ್ಟಿನಿಂದ ಪಾರಾಗಲೆಂದೇ ಹಣ ಹಾಕಿದವರು ಬಹಳ ಮಂದಿ.

ನೆಟ್ ಮೀಟರಿಂಗ್ ಪರವಾಗಿರುವವರ ಮಾತು ಬಲವಾದದ್ದು. ವಿದ್ಯುತ್ ಬಳಸುವಲ್ಲೇ ಹುಟ್ಟಿದರೆ ತಂತಿಯಲ್ಲಿ ಸೋರುವುದಿಲ್ಲ, ಹೊಸ ಜಮೀನು ಬೇಡ, ಜನರ ಉಳಿತಾಯವೇ ಬಂಡವಾಳ. ಎಸ್ಕಾಂಗಳ ಉತ್ತರವೂ ತಳ್ಳಿಹಾಕುವಂಥದ್ದಲ್ಲ. ಹೆಚ್ಚು ಬಿಲ್ ಕಟ್ಟುವ ಗ್ರಾಹಕರೇ ಮೊದಲು ಸೋಲಾರ್ ಹಾಕಿಸುತ್ತಾರೆ. ಅವರ ಹಣದಲ್ಲೇ ಬಡವರ ಮತ್ತು ಪಂಪ್‌ಸೆಟ್ಟಿನ ಅಗ್ಗದ ದರ ನಡೆಯುತ್ತ ಬಂದಿದೆ. ಅವರು ಮಧ್ಯಾಹ್ನದ ಅಗ್ಗದ ಕರೆಂಟು ಕೊಟ್ಟು ಸಂಜೆ ಏಳರ ದುಬಾರಿ ಕರೆಂಟು ಒಯ್ದರೆ ಕಂಬ, ತಂತಿ, ಟ್ರಾನ್ಸ್‌ಫಾರ್ಮರುಗಳ ಖರ್ಚು ಉಳಿದವರ ಹೆಗಲೇರುತ್ತದೆ. ಕ್ಯಾಲಿಫೋರ್ನಿಯಾ ಇದೇ ಕಾರಣ ಕೊಟ್ಟು 2023ರ ಏಪ್ರಿಲ್‌ನಿಂದ ಹೊಸಬರ ಹೆಚ್ಚುವರಿ ವಿದ್ಯುತ್ತಿನ ಬೆಲೆಯನ್ನು ಸುಮಾರು ಮುಕ್ಕಾಲು ಭಾಗ ಇಳಿಸಿತು. ದೆಹಲಿಯಲ್ಲೂ ಈ ಹಗ್ಗಜಗ್ಗಾಟ ನಡೆದಿದೆ: 2020ರ ಕೇಂದ್ರ ನಿಯಮಗಳು ನೆಟ್ ಮೀಟರಿಂಗನ್ನು 10 ಕಿಲೋವ್ಯಾಟಿಗೆ ಮಿತಗೊಳಿಸಿದವು. ಕೂಗೆದ್ದ ಮೇಲೆ ಮರುವರ್ಷ ಮಿತಿ 500 ಕಿಲೋವ್ಯಾಟಿಗೇರಿತು.

ಕರ್ನಾಟಕದ ಪರಿಸ್ಥಿತಿಗೆ ತನ್ನದೇ ಗಂಟುಗಳಿವೆ. 2013ರಲ್ಲಿ ರಾಜ್ಯದ ವಿದ್ಯುತ್ ದರ ನಿರ್ಧರಿಸುವ ಆಯೋಗವಾದ ಕೆಇಆರ್‌ಸಿ, ಸಹಾಯಧನ ಪಡೆಯದ ಛಾವಣಿಗಳ ವಿದ್ಯುತ್ತಿಗೆ ಯೂನಿಟ್ಟಿಗೆ 9 ರೂಪಾಯಿ 56 ಪೈಸೆ ನಿಗದಿಮಾಡಿತು. ಪ್ಯಾನೆಲ್ ಬೆಲೆ ಕುಸಿದಂತೆ ಮುಂದಿನ ಆದೇಶಗಳಲ್ಲಿ ದರವೂ ಕುಸಿಯಿತು. ಎರಡನೆಯ ಗಂಟು ಗೃಹಜ್ಯೋತಿ. 2023ರಿಂದ 200 ಯೂನಿಟ್ಟಿನವರೆಗೆ ಬಿಲ್ ಇಲ್ಲದ ಮನೆಗೆ ಲಕ್ಷಾಂತರ ರೂಪಾಯಿ ಹಾಕಿ ಸೋಲಾರ್ ಕೂರಿಸಲು ಕಾರಣವೇ ಇಲ್ಲ. ಬಡ ಮನೆಗಳಿಗೆ ಆ ಯೋಜನೆ ತಂದ ನೆಮ್ಮದಿಯನ್ನು ನಾನು ಕಡೆಗಣಿಸಲಾರೆ. ಆದರೆ ಗುಜರಾತ್, ಮಹಾರಾಷ್ಟ್ರ, ಕೇರಳಗಳು ಮನೆಯ ಛಾವಣಿಗಳಲ್ಲಿ ಮುಂದೆ ಹೋಗಿ, ವಾಟರ್ ಹೀಟರಿನಲ್ಲಿ ದೇಶಕ್ಕೆ ದಾರಿ ತೋರಿದ ರಾಜ್ಯ ಹಿಂದುಳಿದದ್ದಕ್ಕೆ ಇದೂ ಒಂದು ಕಾರಣ. ಆ ಉಚಿತ ಯೂನಿಟ್ಟುಗಳ ಹಣವನ್ನೇ ಬಡವರ ಛಾವಣಿಯ ಪ್ಯಾನೆಲ್ಲುಗಳಿಗೆ ತಿರುಗಿಸಬಹುದೆಂಬ ಸಲಹೆಗೆ ಇನ್ನೂ ಗಂಭೀರ ಚರ್ಚೆ ಸಿಕ್ಕಿಲ್ಲ. ಸಿಗಬೇಕು.

ಪಾವಗಡವೋ ಪಕ್ಕದ ತಾರಸಿಯೋ

ಛಾವಣಿಯ ಗೋಜೇ ಬೇಡ ಎನ್ನುವವರೂ ಇದ್ದಾರೆ. ತುಮಕೂರು ಜಿಲ್ಲೆಯ ಪಾವಗಡದಲ್ಲಿ 13,000 ಎಕರೆಯಲ್ಲಿ 2,050 ಮೆಗಾವ್ಯಾಟಿನ ಪಾರ್ಕ್ ನಿಂತಿದೆ. ಇಂಥಲ್ಲಿ ಒಂದೊಂದು ಯೂನಿಟ್ಟೂ ತಾರಸಿಗಿಂತ ಅಗ್ಗ, ನಿರ್ವಹಣೆ ಸುಲಭ. ರೈತರ ಜಮೀನು ಕೊಳ್ಳದೆ ಎಕರೆಗೆ ವರ್ಷಕ್ಕೆ 21,000 ರೂಪಾಯಿಯಂತೆ ಗುತ್ತಿಗೆ ಪಡೆದ ಮಾದರಿ ಮೆಚ್ಚುಗೆ ಗಳಿಸಿತು. ಅದೇ ಜಮೀನಿನಲ್ಲಿ ಕೂಲಿ ಮಾಡುತ್ತಿದ್ದ ಭೂಹೀನರಿಗೆ, ಕುರಿ ಮೇಯಿಸುತ್ತಿದ್ದವರಿಗೆ ಮಾತ್ರ ಆ ಗುತ್ತಿಗೆಯಲ್ಲಿ ಪಾಲಿಲ್ಲ. ತಾರಸಿಯ ಯೂನಿಟ್ ದುಬಾರಿ ಎನ್ನುವ ಲೆಕ್ಕದಲ್ಲಿ ಇವರು ಕಳೆದುಕೊಂಡದ್ದು ಸೇರುವುದಿಲ್ಲ. ನನ್ನ ಮಟ್ಟಿಗೆ ಆ ಲೆಕ್ಕ ಅರ್ಧದ್ದು.

ಕಟ್ಟಡವೇ ಉಪಕರಣ

ಕೊನೆಯ ಪಂಥದ ಮಾತು ಹೆಚ್ಚು ಕೇಳಿಬರುವುದಿಲ್ಲ, ಏಕೆಂದರೆ ಅದರಲ್ಲಿ ಮಾರಲು ಏನೂ ಇಲ್ಲ. ಬಿಸಿಲನ್ನು ಎಲ್ಲಿ ಒಳಗೆ ಬಿಡಬೇಕು, ಎಲ್ಲಿ ತಡೆಯಬೇಕು ಎಂದು ತಿಳಿದು ಕಟ್ಟಿದ ಮನೆಗೆ ಹಗಲು ದೀಪವೂ ಬೇಡ, ಎಸಿಯೂ ಬೇಡ. ತೊಟ್ಟಿ ಮನೆಯ ನಡುವಿನ ಬಯಲು, ಕರಾವಳಿಯ ಮುಂಚಾಚಿದ ಹೆಂಚಿನ ಮಾಡು, ಉತ್ತರ ಕರ್ನಾಟಕದ ದಪ್ಪ ಗೋಡೆಯ ಮಾಳಿಗೆ ಮನೆ ಎಲ್ಲವೂ ಈ ತಿಳಿವಿನಿಂದಲೇ ಬಂದವು. ಹೊಸ ಕಾಲದಲ್ಲೂ ಮಾದರಿಗಳಿವೆ. ಬೆಂಗಳೂರಿನ ದೊಮ್ಮಲೂರಿನಲ್ಲಿ ವಾಸ್ತುಶಿಲ್ಪಿ ಸಂಜಯ್ ಮೋಹೆ ರೂಪಿಸಿದ, ಟೆರಿ ಎಂಬ ಸಂಶೋಧನಾ ಸಂಸ್ಥೆಯ ಕಚೇರಿಯ ದಕ್ಷಿಣ ಗೋಡೆಗೆ ಕಪ್ಪು ಕಡಪ ಕಲ್ಲು ಹೊದಿಸಿದ್ದಾರೆ. ಅದು ಬಿಸಿಲಿಗೆ ಕಾದಾಗ ಹಿಂದಿನ ಟೊಳ್ಳಿನ ಗಾಳಿ ಮೇಲೇರುತ್ತದೆ. ಅದರ ಜಾಗಕ್ಕೆ ಉತ್ತರದ ಕಡೆಯಿಂದ ತಂಗಾಳಿ ಕಟ್ಟಡವನ್ನು ಹಾದು ಬರುತ್ತದೆ. ಬಿಸಿಲಿನ ಬಲದಿಂದಲೇ ತಂಪು.

ಇನ್ನೊಂದು ಕಡೆ ನಾವು ಕಟ್ಟುತ್ತಿರುವುದೇನು? ಪಶ್ಚಿಮಕ್ಕೆ ಪೂರ್ತಿ ಗಾಜು, ಹಗಲಿಡೀ ಕಾದು ರಾತ್ರಿಯಿಡೀ ಮಲಗುವ ಕೋಣೆಗೆ ಶಾಖ ಸುರಿಸುವ ಆರ್‌ಸಿಸಿ ಛಾವಣಿ, ಆಮೇಲೆ ಅದನ್ನು ತಣಿಸುವ ಎಸಿಗೆಂದು ಸೋಲಾರ್. 2018ರ ಇಕೋ ನಿವಾಸ್ ಸಂಹಿತೆ ಮನೆಯ ಗೋಡೆ, ಕಿಟಕಿ, ಛಾವಣಿಗಳಿಂದ ಒಳನುಗ್ಗುವ ಶಾಖಕ್ಕೆ ಮಿತಿ ಹಾಕಿದೆ. ನಕ್ಷೆ ಮಂಜೂರಾತಿಯ ಮೇಜಿನ ಮೇಲೆ ಅದರ ಪ್ರತಿ ವಿರಳ. ಎರಡು ಪಂಥಗಳು ಕೈಹಿಡಿಯುವ ಒಂದು ಸಂಗತಿಯೂ ಇದೆ. 2011ರಲ್ಲಿ ಸ್ಯಾನ್ ಡಿಯಾಗೊದ ಕ್ಯಾಲಿಫೋರ್ನಿಯಾ ವಿಶ್ವವಿದ್ಯಾಲಯದ ಸಂಶೋಧಕರು ತಮ್ಮದೇ ಕಟ್ಟಡವೊಂದರಲ್ಲಿ ಅಳೆದಾಗ, ಪ್ಯಾನೆಲ್ಲಿನ ನೆರಳಿನಿಂದ ಛಾವಣಿಗೆ ಇಳಿಯುವ ಶಾಖ ಶೇಕಡಾ 38ರಷ್ಟು ಕಡಿಮೆಯಾಗಿತ್ತು. ಪ್ಯಾನೆಲ್ಲನ್ನು ಕರೆಂಟಿನ ಯಂತ್ರವೆಂದಷ್ಟೇ ನೋಡದೆ ಚಪ್ಪರವೆಂದೂ ನೋಡಿದರೆ ಅದರ ಎತ್ತರ, ಓರೆ, ಜಾಗ ಎಲ್ಲವನ್ನೂ ಬೇರೆ ರೀತಿ ಯೋಚಿಸಬೇಕಾಗುತ್ತದೆ. ನಾನು ಮನೆ ಕಟ್ಟಿಸುವವರಿಗೆ ಹೇಳುವ ಕ್ರಮ ಇದು: ಮೊದಲು ನೆರಳು ಮತ್ತು ಗಾಳಿ, ಆಮೇಲೆ ಬಿಸಿನೀರು, ಕೊನೆಗೆ ವಿದ್ಯುತ್. ಈಗಿನ ಸಹಾಯಧನಗಳು ನಡೆಯುತ್ತಿರುವುದು ತಲೆಕೆಳಗಾದ ಕ್ರಮದಲ್ಲಿ.

ಇತ್ಯರ್ಥವಾಗದೆ ಉಳಿದದ್ದು

ಬಿಸಿಲಿನ ಹಕ್ಕಿನ ಪ್ರಶ್ನೆ ಮೊದಲನೆಯದು. ಇಂದು ತಾರಸಿಗೆ ಪ್ಯಾನೆಲ್ ಹಾಕಿಸಿ, ನಾಳೆ ದಕ್ಷಿಣದ ನಿವೇಶನದಲ್ಲಿ ನಾಲ್ಕು ಮಹಡಿ ಎದ್ದರೆ ಮನೆಯವರಿಗೆ ಏನು ಗತಿ? 1882ರ ಭಾರತೀಯ ಅನುಭೋಗ ಹಕ್ಕುಗಳ ಕಾಯ್ದೆಯ ಪ್ರಕಾರ ಇಪ್ಪತ್ತು ವರ್ಷ ಅಡೆತಡೆಯಿಲ್ಲದೆ ಕಟ್ಟಡಕ್ಕೆ ಬಂದ ಬೆಳಕು-ಗಾಳಿಯ ಮೇಲೆ ಹಕ್ಕು ಹುಟ್ಟುತ್ತದೆ. ಕಿಟಕಿಗಳ ಕಾಲದ ಆ ಕಾಯ್ದೆ ತಾರಸಿಯ ಪ್ಯಾನೆಲ್ಲಿಗೆ ಎಷ್ಟು ಆಸರೆಯಾದೀತು ಎಂಬುದು ಸ್ಪಷ್ಟವಿಲ್ಲ. ಇಪ್ಪತ್ತು ವರ್ಷ ಕಾಯುವಷ್ಟರಲ್ಲಿ ಪ್ಯಾನೆಲ್ಲಿನ ಆಯುಷ್ಯವೇ ಮುಗಿಯುತ್ತ ಬಂದಿರುತ್ತದೆ.

ತಾರಸಿಯಿಲ್ಲದವರ ಪ್ರಶ್ನೆ ಅದಕ್ಕಿಂತ ದೊಡ್ಡದು. ಬಾಡಿಗೆದಾರರು, ಅಪಾರ್ಟ್‌ಮೆಂಟಿನವರು, ಶೀಟಿನ ಮನೆಯವರು ಸೇರಿದರೆ ನಗರದ ದೊಡ್ಡ ಪಾಲೇ ಆಗುತ್ತದೆ. ಬೇರೆಡೆಯ ಪ್ಯಾನೆಲ್ಲಿನ ಪಾಲನ್ನು ತಮ್ಮ ಬಿಲ್ಲಿನಲ್ಲಿ ಪಡೆಯುವ ವರ್ಚುವಲ್ ನೆಟ್ ಮೀಟರಿಂಗಿಗೆ ದೆಹಲಿ 2019ರಲ್ಲೇ ನಿಯಮ ಮಾಡಿತು. ನಿಯಮ ಬರೆಯುವುದಕ್ಕಿಂತ ಅಪಾರ್ಟ್‌ಮೆಂಟಿನ ಸಂಘದಲ್ಲಿ ತಾರಸಿ ಯಾರದ್ದೆಂದು ಒಮ್ಮತಕ್ಕೆ ಬರುವುದು ಕಷ್ಟ. ಮನೆ ಮಾಲೀಕ ಹಣ ಹಾಕಿ ಬಾಡಿಗೆದಾರ ಬಿಲ್ ಉಳಿಸುವ ಕಡೆ ಯಾರು ಮುಂದೆ ಬರಬೇಕು ಎಂಬುದಕ್ಕೂ ಉತ್ತರವಿಲ್ಲ.

ರಾತ್ರಿಯ ಖರ್ಚನ್ನು ಯಾರು ಹೊರಬೇಕು ಎಂಬುದೂ ಹಾಗೇ ಉಳಿದಿದೆ. ಬ್ಯಾಟರಿ ಮನೆಮನೆಯಲ್ಲಿರಬೇಕೋ, ಬೀದಿಯ ಟ್ರಾನ್ಸ್‌ಫಾರ್ಮರಿನ ಬಳಿ ಒಂದಿರಬೇಕೋ ಎಂಬಲ್ಲಿ ತಜ್ಞರೇ ಎರಡಾಗಿದ್ದಾರೆ. ಯೂನಿಟ್ ದರ ಇಳಿಸಿ ನಿಗದಿತ ಶುಲ್ಕ ಏರಿಸುವತ್ತ ಸಾಗಿರುವ ಬಿಲ್ಲುಗಳು ಎಸ್ಕಾಂಗಳ ಭಯಕ್ಕೆ ಪರಿಹಾರ ಕೊಟ್ಟರೂ, ಸೋಲಾರ್ ಹಾಕಿದವರ ಲೆಕ್ಕವನ್ನು ನಡುದಾರಿಯಲ್ಲಿ ಬದಲಿಸುತ್ತವೆ.

ಕಡೆಗೆ ಹಳೆಯ ಪ್ಯಾನೆಲ್ಲುಗಳು. 2022ರ ಇ-ತ್ಯಾಜ್ಯ ನಿಯಮಗಳು ಅವುಗಳನ್ನು ತಮ್ಮ ವ್ಯಾಪ್ತಿಗೆ ತಂದಿವೆ, ತಯಾರಕರು 2034-35ರವರೆಗೆ ಅವುಗಳನ್ನು ಕೂಡಿಡಬೇಕು ಎಂದಿವೆ. ಗಾಜು, ಅಲ್ಯೂಮಿನಿಯಂ ಸಲೀಸಾಗಿ ಬಿಡಿಸಬಹುದು. ಪ್ಲಾಸ್ಟಿಕ್ ಪದರಗಳ ನಡುವೆ ಅಂಟಿಕೊಂಡ ಸಿಲಿಕಾನ್, ಬೆಳ್ಳಿ, ಸೀಸವನ್ನು ಬಿಡಿಸುವುದು ಸುಲಭವಲ್ಲ. ಒಂದು ಕೋಟಿ ಮನೆಗಳ ಪ್ಯಾನೆಲ್ಲುಗಳು ಇಳಿಯುವ ದಿನ ಅವನ್ನು ತಾರಸಿಯಿಂದ ಕೆಳಗೆ ತರುವ ಕೂಲಿ ಯಾರು ಕೊಡಬೇಕು ಎಂಬುದನ್ನೂ ಯಾವ ಕರಾರಿನಲ್ಲೂ ಬರೆದಂತೆ ಕಾಣುವುದಿಲ್ಲ.